ಪಿಡಿಎಫ್‌ನಿಂದ ಚಿತ್ರ ತೆಗೆದರೆ ಮಸುಕಾಗುತ್ತಿದೆ: ಒಳಗಿರುವುದು ಇದ್ದ ಹಾಗೇ ಸಿಗಲು ಏನು ಮಾಡಬೇಕು?

ಹಾಳೆಮಗ್ಗ (ಪ್ರಶ್ನೆ):

148 ಪುಟಗಳ ಒಂದು ವರದಿಯ ಪಿಡಿಎಫ್ ಇದೆ. ಮೂಲ ಫೋಟೊಗಳು ಎಲ್ಲೂ ಉಳಿದಿಲ್ಲ, ಇರುವುದು ಇದೊಂದೇ ಫೈಲ್. ಮರುಮುದ್ರಣಕ್ಕೆ ಇದರೊಳಗಿನ ಚಿತ್ರಗಳು ಬೇಕು. ಬಳಸಲು ಹಕ್ಕುದಾರರ ಒಪ್ಪಿಗೆ ಇದೆ, ಪಾಸ್‌ವರ್ಡ್ ಏನೂ ಇಲ್ಲ. ಬಹುಪಾಲು ಬಣ್ಣದ ಫೋಟೊಗಳು, ನಡುವೆ ಹತ್ತಾರು ಗ್ರಾಫ್‌ಗಳು, ಕೊನೆಯ 20 ಪುಟ ಸ್ಕ್ಯಾನ್ ಮಾಡಿದ ಹಳೆಯ ದಾಖಲೆಗಳು.

ಈವರೆಗೆ ಮಾಡಿದ್ದು ಇಷ್ಟು. ಪುಟವನ್ನು ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ತೆಗೆದರೆ ಮಸುಕು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಬದಲಿಸುವ ಪ್ರೋಗ್ರಾಂಗೆ ಪಿಡಿಎಫ್ ಕೊಟ್ಟು ಪಿಎನ್‌ಜಿ ಕೇಳಿದರೆ ಇಡೀ ಪುಟವೇ 595 × 842 ಪಿಕ್ಸೆಲ್‌ಗೆ ಇಳಿದು ಬಂತು. ಒಂದು ಆನ್‌ಲೈನ್ ತಾಣ ಚಿತ್ರಗಳನ್ನು ಬಿಡಿಬಿಡಿಯಾಗಿ ಕೊಟ್ಟಿತು, ಆದರೆ ಅಂಚುಗಳ ಸುತ್ತ ಜೆಪೆಗ್‌ನ ಕೊಳೆ ಕಾಣುತ್ತದೆ. ಪಿಡಿಎಫ್‌ನಲ್ಲಿ ಅದೇ ಜಾಗ ಶುಭ್ರವಾಗಿದೆ.

ಒಳಗೆ ಎಷ್ಟಿದೆಯೋ ಅಷ್ಟನ್ನೂ ಕಳೆದುಕೊಳ್ಳದೆ ಹೊರಗೆ ತರುವ ದಾರಿ ಯಾವುದು? ತಂದದ್ದು ಮೂಲದಷ್ಟೇ ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

—

ಕಮಾಂಡ್‌ಕಟ್ಟೆ:

ನೀವು ಮಾಡಿದ ಮೂರರಲ್ಲಿ ಎರಡು ಚಿತ್ರ ತೆಗೆಯುವ ಕೆಲಸವೇ ಅಲ್ಲ. ಸ್ಕ್ರೀನ್‌ಶಾಟ್‌ನಲ್ಲೂ ಇಮೇಜ್‌ಮ್ಯಾಜಿಕ್‌ನಲ್ಲೂ ಆಗುವುದು ಪುಟವನ್ನು ಹೊಸದಾಗಿ ಬಿಡಿಸುವ (ಚಿತ್ರವಾಗಿ ಬರೆಯುವ) ಕೆಲಸ. ಇಮೇಜ್‌ಮ್ಯಾಜಿಕ್ ಒಳಗಿಂದೊಳಗೇ ಘೋಸ್ಟ್‌ಸ್ಕ್ರಿಪ್ಟ್ ಎಂಬ ಪಿಡಿಎಫ್ ಓದುವ ಪ್ರೋಗ್ರಾಂ ಕರೆದು, ಬೇರೇನೂ ಹೇಳದಿದ್ದರೆ 72 ಡಿಪಿಐಗೆ (ಅಂಗುಲಕ್ಕೆ 72 ಚುಕ್ಕಿ) ಬಿಡಿಸುತ್ತದೆ. ಎ4 ಹಾಳೆ 595 × 842 ಪಾಯಿಂಟ್, ಒಂದು ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಪಾಲು. ನಿಮಗೆ ಬಂದ ಅಂಕಿ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ.

ಮೂರನೆಯದು ತೆಗೆದಿದೆ, ಆದರೆ ಬಿಚ್ಚಿ ಮತ್ತೆ ಜೆಪೆಗ್ ಮಾಡಿದೆ. ಹಾಳಾದದ್ದು ಆ ಎರಡನೇ ಸಲದ ಕುಗ್ಗಿಸುವಿಕೆಯಲ್ಲಿ.

ಪಿಡಿಎಫ್‌ನೊಳಗೆ ಫೋಟೊ ಇರುವ ರೀತಿ ಹೀಗೆ: ಪಿಕ್ಸೆಲ್‌ಗಳ ಒಂದು ಸ್ಟ್ರೀಮ್ (ದತ್ತಾಂಶದ ಸಾಲು), ಅದರ ತಲೆಯ ಮೇಲೆ ಅಗಲ, ಎತ್ತರ, ಬಣ್ಣದ ಬಗೆ, ಯಾವ ಫಿಲ್ಟರ್‌ನಿಂದ ಕುಗ್ಗಿಸಿದೆ ಎಂಬ ಚೀಟಿ. ಫಿಲ್ಟರ್ ಡಿಸಿಟಿಡಿಕೋಡ್ ಆಗಿದ್ದರೆ ಆ ಸ್ಟ್ರೀಮ್ ಒಂದು ಪೂರ್ತಿ ಜೆಪೆಗ್ ಫೈಲೇ. ಹಾಗೇ ಕಿತ್ತು ಪಕ್ಕಕ್ಕಿಟ್ಟರೆ ಮುಗಿಯಿತು, ಒಂದು ಬೈಟ್ ಕೂಡ ಬದಲಾಗದು. ಜೆಪಿಎಕ್ಸ್‌ಡಿಕೋಡ್ ಇದ್ದರೆ ಜೆಪೆಗ್ 2000. ಫ್ಲೇಟ್‌ಡಿಕೋಡ್ ಇದ್ದರೆ ಅದು ಜಿಪ್ ಮಾಡಿದ ಬರಿಯ ಪಿಕ್ಸೆಲ್ ರಾಶಿ, ಫೈಲ್ ಅಲ್ಲ. ಅದನ್ನು ಪಿಎನ್‌ಜಿ ಅಥವಾ ಟಿಫ್‌ಗೆ ತುಂಬಬೇಕು, ಅದರಲ್ಲೂ ನಷ್ಟವಿಲ್ಲ. ಕಪ್ಪು ಬಿಳುಪು ಸ್ಕ್ಯಾನ್‌ಗಳಿಗೆ ಸಿಸಿಐಟಿಟಿ ಫ್ಯಾಕ್ಸ್ ಮತ್ತು ಜೆಬಿಗ್2 ಎಂಬ ಕುಗ್ಗಿಸುವ ಬಗೆಗಳು ಬಳಕೆಯಲ್ಲಿವೆ.

ಇದನ್ನೆಲ್ಲ ನೋಡಿಕೊಂಡು ಮಾಡುವ ಉಪಕರಣ ಪೊಪ್ಲರ್‌ನ ಪಿಡಿಎಫ್‌ಇಮೇಜಸ್. ಉಬುಂಟು, ಡೆಬಿಯನ್‌ನಲ್ಲಿ ಪೊಪ್ಲರ್-ಯುಟಿಲ್ಸ್ ಪ್ಯಾಕೇಜ್, ಮ್ಯಾಕ್‌ನಲ್ಲಿ ಹೋಂಬ್ರೂದಿಂದ ಪೊಪ್ಲರ್, ವಿಂಡೋಸ್‌ನಲ್ಲಿ ಪೊಪ್ಲರ್‌ನ ಜಿಪ್ ಬಿಚ್ಚಿಕೊಂಡು ಬಿನ್ ಫೋಲ್ಡರ್‌ನಿಂದ ಓಡಿಸಬಹುದು. ಎಕ್ಸ್‌ಪಿಡಿಎಫ್ ಎಂಬ ಇನ್ನೊಂದು ಗುಂಪಿನಲ್ಲೂ ಇದೇ ಹೆಸರಿನ ಪ್ರೋಗ್ರಾಂ ಇದೆ. ಅದರಲ್ಲಿ ಕೆಳಗೆ ಹೇಳುವ "-ಆಲ್" ಇಲ್ಲ. ಆಯ್ಕೆ ಗೊತ್ತಿಲ್ಲ ಎಂದು ಬೈದರೆ ಮೊದಲು "-ವಿ" ಹೊಡೆದು ಯಾರದ್ದು ಎಂದು ನೋಡಿ.

ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ, ಹೈಫನ್ ಬಿಡಬೇಡಿ.

ತೆಗೆಯುವ ಮೊದಲು ಪಟ್ಟಿ:

ಪಿಡಿಎಫ್‌ಇಮೇಜಸ್ -ಲಿಸ್ಟ್ ವರದಿ.ಪಿಡಿಎಫ್

ಒಂದು ಚಿತ್ರಕ್ಕೆ ಒಂದು ಸಾಲು ಬರುತ್ತದೆ. ಉದಾಹರಣೆಗೆ ಹೀಗೊಂದು ಸಾಲು: ಪುಟ 3, ಕ್ರಮಸಂಖ್ಯೆ 5, ಬಗೆ ಇಮೇಜ್, ಅಗಲ 2400, ಎತ್ತರ 1600, ಬಣ್ಣ ಐಸಿಸಿ, ಘಟಕ 3, ಬಿಟ್ 8, ಎನ್‌ಕೋಡಿಂಗ್ ಜೆಪೆಗ್, ಆಬ್ಜೆಕ್ಟ್ 25, ಎಕ್ಸ್-ಪಿಪಿಐ 300, ವೈ-ಪಿಪಿಐ 300, ಗಾತ್ರ 812ಕೆ, ಅನುಪಾತ 7.2%. ಇದನ್ನು ಓದಿದರೆ ಅರ್ಧ ಕೆಲಸ ಮುಗಿದ ಹಾಗೆ. 2400 ಪಿಕ್ಸೆಲ್ 300 ಪಿಪಿಐಯಲ್ಲಿ (ಅಂಗುಲಕ್ಕೆ 300 ಪಿಕ್ಸೆಲ್) ಕೂತಿದೆ, ಅಂದರೆ ಪುಟದ ಮೇಲೆ 8 ಅಂಗುಲ ಅಗಲ. ಜೆಪೆಗ್ ಆಗಿಯೇ ಇದೆ, ಹಾಗಾಗಿ ಇದ್ದ ಹಾಗೇ ಕಿತ್ತುಕೊಳ್ಳಬಹುದು. ಎನ್‌ಕೋಡಿಂಗ್ ಕಾಲಂನಲ್ಲಿ "ಇಮೇಜ್" ಎಂದಿದ್ದರೆ ಅದು ಫ್ಲೇಟ್‌ನಂಥ ನಷ್ಟವಿಲ್ಲದ ಬಗೆ.

ಆಮೇಲೆ ಖಾಲಿ ಫೋಲ್ಡರ್ ಒಂದನ್ನು ನೀವೇ ಮಾಡಿಟ್ಟುಕೊಂಡು (ಅದು ತಾನಾಗಿ ಮಾಡುವುದಿಲ್ಲ, ಫೈಲ್ ತೆರೆಯಲಾಗಲಿಲ್ಲ ಎಂದು ನಿಲ್ಲುತ್ತದೆ):

ಪಿಡಿಎಫ್‌ಇಮೇಜಸ್ -ಆಲ್ -ಪಿ ವರದಿ.ಪಿಡಿಎಫ್ ಹೊರಗೆ/ಚಿತ್ರ

"-ಆಲ್" ಇದ್ದರೆ ಜೆಪೆಗ್, ಜೆಪೆಗ್ 2000, ಜೆಬಿಗ್2, ಸಿಸಿಐಟಿಟಿ ತಮ್ಮ ತಮ್ಮ ರೂಪದಲ್ಲೇ ಬರುತ್ತವೆ; ಉಳಿದವುಗಳಲ್ಲಿ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣ) ಇದ್ದದ್ದು ಟಿಫ್ ಆಗಿ, ಮಿಕ್ಕವು ಪಿಎನ್‌ಜಿ ಆಗಿ. "-ಪಿ" ಫೈಲ್ ಹೆಸರಿಗೆ ಪುಟದ ಸಂಖ್ಯೆ ಸೇರಿಸುತ್ತದೆ. 148 ಪುಟದಲ್ಲಿ ಇದಿಲ್ಲದಿದ್ದರೆ ಯಾವುದು ಎಲ್ಲಿಯದು ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಕೆಲವೇ ಪುಟ ಸಾಕಾದರೆ "-ಎಫ್ 10 -ಎಲ್ 14".

ಯಾವ ಆಯ್ಕೆಯನ್ನೂ ಕೊಡದೆ ಓಡಿಸಿದರೆ ಚಿತ್ರಗಳು ಪಿಪಿಎಂ ಆಗಿ (ಒಂದು ಬಿಟ್ ಕಪ್ಪು ಬಿಳುಪಿನವು ಪಿಬಿಎಂ ಆಗಿ) ಬರುತ್ತವೆ. ದೊಡ್ಡ ಫೈಲ್, ಹೆಚ್ಚಿನ ಲಾಭವೇನಿಲ್ಲ.

ಖಾತ್ರಿಯ ವಿಷಯ: ಜೆಪೆಗ್ ಆದರೆ ಪಟ್ಟಿಯ ಗಾತ್ರಕ್ಕೂ ಹೊರಬಂದ ಫೈಲಿನ ಗಾತ್ರಕ್ಕೂ ತಾಳೆ ಹಾಕಿ. 812ಕೆ ಇದ್ದದ್ದು 812ಕೆ ಆಗಿಯೇ ಬಂದಿರಬೇಕು, ಪಿಕ್ಸೆಲ್ ಅಳತೆಯೂ ಅದೇ ಇರಬೇಕು. 400ಕೆ ಅಥವಾ 1.6 ಎಂಬಿ ಆಗಿದ್ದರೆ ನಡುವೆ ಯಾರೋ ಬಿಚ್ಚಿ ಕಟ್ಟಿದ್ದಾರೆ.

—

ಇಲಿಸವಾರ:

ಟರ್ಮಿನಲ್ ಬೇಡ ಎನ್ನುವವರಿಗೆ: ಫೋಟೊಶಾಪ್‌ನಲ್ಲಿ ಫೈಲ್, ಓಪನ್ ಮೂಲಕ ಪಿಡಿಎಫ್ ತೆರೆದಾಗ ಬರುವ ಕಿಟಕಿಯಲ್ಲಿ "ಪೇಜಸ್" ಬದಲು "ಇಮೇಜಸ್" ಆರಿಸಿ, ಒಳಗಿನ ಚಿತ್ರಗಳೇ ತಮ್ಮ ಪಿಕ್ಸೆಲ್ ಅಳತೆಯಲ್ಲಿ ತೆರೆದುಕೊಳ್ಳುತ್ತವೆ. ಟಿಫ್ ಅಥವಾ ಪಿಎಸ್‌ಡಿಯಲ್ಲಿ ಉಳಿಸಿ. ಅಕ್ರೊಬ್ಯಾಟ್ ಪ್ರೊನಲ್ಲಿ ಎಕ್ಸ್‌ಪೋರ್ಟ್‌ನ ಇಮೇಜ್ ವಿಭಾಗದಲ್ಲಿ "ಎಲ್ಲ ಚಿತ್ರಗಳನ್ನು ಹೊರತೆಗೆ" ಎಂಬ ಆಯ್ಕೆ ಇದೆ. ಅಲ್ಲಿ ಜೆಪೆಗ್ ಬಿಟ್ಟು ಪಿಎನ್‌ಜಿ ಅಥವಾ ಟಿಫ್ ಕೇಳಿ. ಸೆಟ್ಟಿಂಗ್ಸ್‌ನಲ್ಲಿ "ಇಷ್ಟಕ್ಕಿಂತ ಚಿಕ್ಕ ಚಿತ್ರ ಬೇಡ" ಎನ್ನುವ ಮಿತಿಯನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ಸಣ್ಣ ಲೋಗೊಗಳು ಮಾಯ.

ಇನ್ನೊಂದು: ವರದಿಯ ವರ್ಡ್ ಫೈಲ್ ಎಲ್ಲಾದರೂ ಸಿಕ್ಕರೆ ಪಿಡಿಎಫ್ ಗೊಡವೆಯೇ ಬೇಡ. ಡಾಕ್ಸ್ ಎಂದರೆ ಒಂದು ಜಿಪ್. ವಿಸ್ತರಣೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ವರ್ಡ್ ಫೋಲ್ಡರ್‌ನೊಳಗೆ ಮೀಡಿಯಾ ಎಂಬ ಫೋಲ್ಡರ್, ಅದರಲ್ಲಿ ಚಿತ್ರಗಳೆಲ್ಲ ಸಾಲಾಗಿ ಕೂತಿರುತ್ತವೆ. ಪಿಪಿಟಿಎಕ್ಸ್‌ಗೂ ಇದೇ ಉಪಾಯ. ವರ್ಡ್ ಉಳಿಸುವಾಗಲೇ ಚಿತ್ರ ಕುಗ್ಗಿಸಿರಬಹುದು ನಿಜ, ಆದರೂ ಪಿಡಿಎಫ್ ಮಾಡುವಾಗ ಬಿದ್ದ ಎರಡನೇ ಏಟು ಅದರ ಮೇಲೆ ಬಿದ್ದಿರುವುದಿಲ್ಲ.

—

ಬಿಳಿಅಂಚು:

ಇಷ್ಟೆಲ್ಲ ಯಾಕೆ? 600 ಡಿಪಿಐಗೆ ಪುಟವನ್ನೇ ಪಿಎನ್‌ಜಿ ಮಾಡಿ, ಬೇಕಾದ್ದನ್ನು ಕತ್ತರಿಸಿಕೊಂಡರಾಯಿತು. 600 ಎಂದರೆ ಅಚ್ಚಿಗೆ ಧಾರಾಳವಾಯಿತು.

—

ಕಮಾಂಡ್‌ಕಟ್ಟೆ:

ಬಿಳಿಅಂಚು ಅವರೇ, ಫೋಟೊಗೆ ಅದು ಸರಿಯಲ್ಲ. 640 × 427 ಪಿಕ್ಸೆಲ್ ಫೋಟೊವನ್ನು ಪುಟದಲ್ಲಿ 6 ಅಂಗುಲಕ್ಕೆ ಎಳೆದು ಕೂರಿಸಿದ್ದರೆ ಅದು ಸುಮಾರು 107 ಪಿಪಿಐ. 600ಕ್ಕೆ ಬಿಡಿಸಿದಾಗ ನಿಮ್ಮ ಕೈಗೆ 3600 ಪಿಕ್ಸೆಲ್ ಅಗಲದ ಫೈಲ್ ಬರುತ್ತದೆ, ಆದರೆ ವಿವರ ಮಾತ್ರ ಅದೇ 640ರದು. ಮೇಲಾಗಿ ಅಚ್ಚಿನವರು ಫೈಲ್ ನೋಡಿ "ಸಾಕಷ್ಟು ದೊಡ್ಡದಿದೆ" ಎಂದು ಪಾಸ್ ಮಾಡುತ್ತಾರೆ. 640 ಪಿಕ್ಸೆಲ್ ಅನ್ನು 300ರಲ್ಲಿ ಅಚ್ಚು ಹಾಕಿದರೆ 5.4 ಸೆಂ.ಮೀ. ಅಗಲ ಅಷ್ಟೇ ಎಂಬ ಸತ್ಯ ಮುಚ್ಚಿಹೋಗುತ್ತದೆ.

ಪಿಪಿಐ ಹೊಂದಿಸಿ, 300ರ ಚಿತ್ರವನ್ನು 300ಕ್ಕೇ ಬಿಡಿಸಿದರೂ ಪೂರ್ತಿ ಬಚಾವಾಗುವುದಿಲ್ಲ. ಚಿತ್ರದ ಎಡ ಅಂಚು ಪುಟದ ಪಿಕ್ಸೆಲ್ ಚೌಕಗಳ ಗೆರೆಗೆ ಸರಿಯಾಗಿ ಕೂಡುವುದು ಅಪರೂಪ. ಅರ್ಧ ಪಿಕ್ಸೆಲ್ ಜರುಗಿದ್ದರೆ ಪ್ರತಿ ಪಿಕ್ಸೆಲ್ಲೂ ಪಕ್ಕದ್ದರ ಜೊತೆ ಬೆರೆಯುತ್ತದೆ. ಆ ಮಸುಕು ಕಣ್ಣಿಗೆ ಬೀಳುವ ಮಟ್ಟದ್ದೇ.

ಸ್ಕ್ಯಾನ್ ಪುಟಗಳಿಗೆ ನಿಮ್ಮ ದಾರಿಯೇ ಸರಿ ಬೀಳಬಹುದು. ಪಟ್ಟಿ ನೋಡದೆ ಹೇಳಲಾರೆ.

—

ಹಾಳೆಮಗ್ಗ:

ಪಟ್ಟಿಯೂ ಬಂತು, ಚಿತ್ರಗಳೂ ಬಂದವು, ಫೋಟೊಗಳ ಗಾತ್ರ ತಾಳೆಯಾಗುತ್ತಿದೆ. ಉಪಕಾರವಾಯಿತು. ಆದರೆ ಹೊಸ ತಲೆನೋವುಗಳು:

ಒಂದು, ಏಳೆಂಟು ಫೋಟೊಗಳು ನೆಗೆಟಿವ್‌ನಂತೆ ಕಾಣುತ್ತವೆ, ಆಕಾಶ ಕಂದು ಬಣ್ಣ. ಪಟ್ಟಿಯಲ್ಲಿ ಅವು ಸಿಎಂವೈಕೆ, ಜೆಪೆಗ್. ಬೇರೆ ಕೆಲವು ಸರಿಯಾಗಿವೆ, ಆದರೆ ಪಿಡಿಎಫ್‌ನಲ್ಲಿ ಕಾಣುವುದಕ್ಕಿಂತ ಬಣ್ಣ ಪೇಲವ.

ಎರಡು, 12ನೇ ಪುಟದ ಲೋಗೊ ಕಪ್ಪು ಹಿನ್ನೆಲೆಯಲ್ಲಿ ಬಂದಿದೆ, ಜೊತೆಗೆ ಅದೇ ಅಳತೆಯ ಬೂದು ಚಿತ್ರವೊಂದು.

ಮೂರು, 40ನೇ ಪುಟದ ಒಂದೇ ಭೂಪಟ 18 ಅಡ್ಡಪಟ್ಟಿಗಳಾಗಿ, ಅಂದರೆ ತುಂಡುಗಳಾಗಿ, ಬಂದಿದೆ.

ನಾಲ್ಕು, ಗ್ರಾಫ್ ಒಂದೂ ಬಂದಿಲ್ಲ.

ಐದು, ಸ್ಕ್ಯಾನ್ ಪುಟಕ್ಕೆ ಎರಡೆರಡು ಚಿತ್ರ: ಒಂದರಲ್ಲಿ ಹಳದಿ ಹಾಳೆ ಮಾತ್ರ, ಇನ್ನೊಂದು ಜೆಬಿ2ಇ ಎಂಬ ವಿಸ್ತರಣೆಯ ಫೈಲ್, ಯಾವುದರಲ್ಲೂ ತೆರೆಯುವುದಿಲ್ಲ.

ಮತ್ತೆ ಮೇಲುಪಟ್ಟಿಯ ಚಿಹ್ನೆ 148 ಸಲ ಬಂದಿದೆ. ಅದನ್ನು ಅಳಿಸಿಕೊಳ್ಳುತ್ತೇನೆ, ಬಿಡಿ.

—

ನಾಲ್ಬಣ್ಣ:

ಬಣ್ಣದ ಎರಡು ಪ್ರಶ್ನೆಗೆ ನಾನು ಹೇಳುತ್ತೇನೆ.

ನೆಗೆಟಿವ್: ಸಿಎಂವೈಕೆ ಜೆಪೆಗ್‌ನಲ್ಲಿ 0 ಎಂದರೆ ಶಾಯಿ ಇಲ್ಲ ಎಂದೋ ಪೂರ್ತಿ ಶಾಯಿ ಎಂದೋ ಎಂಬುದರಲ್ಲಿ ಮೊದಲಿನಿಂದಲೂ ಎರಡು ಪಂಗಡ. ಅಡೋಬಿ ಪ್ರೋಗ್ರಾಂಗಳು ತಿರುಗಿಸಿ ಬರೆಯುವ ರೂಢಿ ಇಟ್ಟುಕೊಂಡಿವೆ. ಪಿಡಿಎಫ್‌ನಲ್ಲಿ ಈ ಗೊಂದಲವಿಲ್ಲ, ಏಕೆಂದರೆ ಚಿತ್ರದ ಚೀಟಿಯಲ್ಲಿ "ಡಿಕೋಡ್" ಎಂಬ ಸಾಲಿರುತ್ತದೆ. 1 0 1 0 1 0 1 0 ಎಂದಿದ್ದರೆ ನಾಲ್ಕೂ ಶಾಯಿಗಳನ್ನು ತಿರುಗಿಸಿ ಓದು ಎಂದರ್ಥ. ಜೆಪೆಗ್ ಅನ್ನು ಇದ್ದ ಹಾಗೇ ಕಿತ್ತಾಗ ಪಿಕ್ಸೆಲ್ ಬರುತ್ತದೆ, ಚೀಟಿ ಪಿಡಿಎಫ್‌ನಲ್ಲೇ ಉಳಿಯುತ್ತದೆ. ಮುಂದೆ ಯಾವ ವೀಕ್ಷಕ ತೆರೆಯುತ್ತದೆಯೋ ಅದರ ಊಹೆಯ ಮೇಲೆ ಬಿಟ್ಟದ್ದು. ಅಂದರೆ ಫೈಲ್ ಹಾಳಾಗಿಲ್ಲ.

ಈ ಏಳೆಂಟಕ್ಕೆ ಮಾತ್ರ "-ಆಲ್" ಬಿಟ್ಟು "-ಟಿಫ್" ಕೊಡಿ. ಆಗ ಚೀಟಿಯನ್ನು ಓದಿ, ತಿರುಗಿಸಿ, ಸಿಎಂವೈಕೆ ಟಿಫ್ ಬರೆಯುತ್ತದೆ. ಜೆಪೆಗ್ ಬಿಚ್ಚಿದ್ದು ನಿಜ, ಆದರೆ ಮತ್ತೆ ಕುಗ್ಗಿಸಿಲ್ಲವಾದ್ದರಿಂದ ಹೊಸ ನಷ್ಟವಿಲ್ಲ. "-ಪಿಎನ್‌ಜಿ" ಕೊಡಬೇಡಿ: ಪಿಎನ್‌ಜಿಗೆ ಸಿಎಂವೈಕೆ ಗೊತ್ತೇ ಇಲ್ಲ, ಅದು ಆರ್‌ಜಿಬಿಗೆ (ಪರದೆಯ ಕೆಂಪು, ಹಸಿರು, ನೀಲಿ ಬಣ್ಣಕ್ಕೆ) ಇಳಿಸಿಬಿಡುತ್ತದೆ. ಅಚ್ಚಿಗೆ ಹೋಗುವಾಗ ಮತ್ತೆ ಸಿಎಂವೈಕೆ ಆದರೂ ಬರಿಯ ಕಪ್ಪು ಶಾಯಿಯಲ್ಲಿದ್ದ ನೆರಳು ನಾಲ್ಕು ಶಾಯಿಯ ಕಪ್ಪಾಗಿರುತ್ತದೆ. ಪಿಎನ್‌ಜಿ ಎಂದರೆ ನಷ್ಟವಿಲ್ಲ ಎಂದು ಕಣ್ಣುಮುಚ್ಚಿ ನಂಬುವವರು ಎಡವುವುದು ಇಲ್ಲಿಯೇ.

ಪೇಲವ ಬಣ್ಣ: ಪಟ್ಟಿಯಲ್ಲಿ ಬಣ್ಣ ಐಸಿಸಿ ಎಂದಿದ್ದರೆ, ಬಣ್ಣದ ಅಂಕಿಗಳನ್ನು ಹೇಗೆ ಓದಬೇಕು ಎಂದು ಹೇಳುವ ಪ್ರೊಫೈಲ್ ಇರುವುದು ಪಿಡಿಎಫ್‌ನ ಬೇರೊಂದು ಆಬ್ಜೆಕ್ಟ್‌ನಲ್ಲಿ (ಸಂಖ್ಯೆ ಹೊತ್ತ ಒಳತುಣುಕಿನಲ್ಲಿ), ಜೆಪೆಗ್‌ನೊಳಗೆ ಇರಲೇಬೇಕೆಂದಿಲ್ಲ. ಅಡೋಬಿ ಆರ್‌ಜಿಬಿ ಚಿತ್ರ ಪ್ರೊಫೈಲ್ ಕಳೆದುಕೊಂಡು ಬಂದರೆ ವೀಕ್ಷಕ ಅದನ್ನು ಎಸ್‌ಆರ್‌ಜಿಬಿ ಎಂದುಕೊಂಡು ಮಂಕಾಗಿ ತೋರಿಸುತ್ತದೆ. ಪ್ರೊಫೈಲ್ ಹೊರತೆಗೆಯಲು ಮ್ಯುಪಿಡಿಎಫ್‌ನ ಮ್ಯುಟೂಲ್ ಬೇಕು. ಪಟ್ಟಿಯ ಆಬ್ಜೆಕ್ಟ್ ಸಂಖ್ಯೆ 25 ಆಗಿದ್ದರೆ:

ಮ್ಯುಟೂಲ್ ಶೋ ವರದಿ.ಪಿಡಿಎಫ್ 25

ಬಂದ ಚೀಟಿಯಲ್ಲಿ ಕಲರ್‌ಸ್ಪೇಸ್ ಎದುರು "ಐಸಿಸಿಬೇಸ್ಡ್ 31 0 ಆರ್" ಎಂದೇನೋ ಇರುತ್ತದೆ. ಕೆಲವು ಫೈಲ್‌ಗಳಲ್ಲಿ ಅಲ್ಲಿ ಇನ್ನೊಂದು ಆಬ್ಜೆಕ್ಟ್‌ನ ಸಂಖ್ಯೆ ಮಾತ್ರ ಇದ್ದು, ಅದನ್ನು ಇದೇ ರೀತಿ ತೆರೆದರೆ ಈ ಸಾಲು ಸಿಗುತ್ತದೆ. ಆ 31 ಹಿಡಿದು:

ಮ್ಯುಟೂಲ್ ಶೋ -ಬಿ -ಓ ಮೂಲ.ಐಸಿಸಿ ವರದಿ.ಪಿಡಿಎಫ್ 31

ಈಗ ಎಕ್ಸಿಫ್‌ಟೂಲ್ ಎಂಬ, ಚಿತ್ರದ ತಲೆಭಾಗ ಓದಿ ಬರೆಯುವ ಪ್ರೋಗ್ರಾಂನಲ್ಲಿ "-ಐಸಿಸಿ_ಪ್ರೊಫೈಲ್<=ಮೂಲ.ಐಸಿಸಿ" ಎಂದು ಕೊಟ್ಟರೆ ಪ್ರೊಫೈಲ್ ಜೆಪೆಗ್‌ನ ತಲೆಭಾಗಕ್ಕೆ ಸೇರಿಕೊಳ್ಳುತ್ತದೆ, ಪಿಕ್ಸೆಲ್ ತಂಟೆಗೆ ಹೋಗುವುದಿಲ್ಲ. ಆ ಇಡೀ ಆಯ್ಕೆಯನ್ನು ಉದ್ಧರಣ ಚಿಹ್ನೆಯೊಳಗೇ ಇಡಿ. ಇಲ್ಲದಿದ್ದರೆ ಶೆಲ್ ಆ ಕೊಕ್ಕೆ ಚಿಹ್ನೆಯನ್ನು ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ. ಫೋಟೊಶಾಪ್‌ನಲ್ಲಿ ಮಾಡುವುದಾದರೆ "ಅಸೈನ್ ಪ್ರೊಫೈಲ್". "ಕನ್ವರ್ಟ್ ಟು ಪ್ರೊಫೈಲ್" ಅಲ್ಲ, ಅದು ಪಿಕ್ಸೆಲ್ ಅಂಕಿಗಳನ್ನೇ ಬದಲಿಸುತ್ತದೆ.

ಕಪ್ಪು ಹಿನ್ನೆಲೆಯ ಲೋಗೊ: ಪಿಡಿಎಫ್‌ನಲ್ಲಿ ಪಾರದರ್ಶಕತೆ ಚಿತ್ರದೊಳಗೆ ಇರುವುದಿಲ್ಲ. ಬಣ್ಣ ಒಂದು ಚಿತ್ರ, ಎಲ್ಲಿ ಎಷ್ಟು ಕಾಣಬೇಕು ಎಂಬುದು ಇನ್ನೊಂದು ಬೂದು ಚಿತ್ರ. ಪಟ್ಟಿಯಲ್ಲಿ ಅದರ ಬಗೆ "ಎಸ್‌ಮಾಸ್ಕ್" ಎಂದಿರುತ್ತದೆ, ಸಾಮಾನ್ಯವಾಗಿ ಬಣ್ಣದ ಚಿತ್ರದ ಮರುಸಾಲಿನಲ್ಲೇ. ಎರಡನ್ನೂ ಇಮೇಜ್‌ಮ್ಯಾಜಿಕ್‌ನಲ್ಲಿ ಕೂಡಿಸಲು:

ಮ್ಯಾಜಿಕ್ ಬಣ್ಣ.ಪಿಎನ್‌ಜಿ ಮುಸುಕು.ಪಿಎನ್‌ಜಿ -ಆಲ್ಫಾ ಆಫ್ -ಕಂಪೋಸ್ ಕಾಪಿಒಪ್ಯಾಸಿಟಿ -ಕಂಪೋಸಿಟ್ ಲೋಗೊ.ಪಿಎನ್‌ಜಿ

ಇದೊಂದರಲ್ಲಿ ಸಿ ಮತ್ತು ಓ ದೊಡ್ಡಕ್ಷರ (ಕಾಪಿಯ ಸಿ, ಒಪ್ಯಾಸಿಟಿಯ ಓ). ಮುಸುಕಿನ ಪಿಕ್ಸೆಲ್ ಅಳತೆ ಬಣ್ಣದ ಚಿತ್ರಕ್ಕಿಂತ ಬೇರೆಯಾಗಿರಲು ಪಿಡಿಎಫ್‌ನಲ್ಲಿ ಅವಕಾಶವಿದೆ. ಹಾಗಿದ್ದರೆ ಚಿಕ್ಕದನ್ನು ದೊಡ್ಡದರ ಅಳತೆಗೆ ಹಿಗ್ಗಿಸಿ, ದೊಡ್ಡದನ್ನು ಕುಗ್ಗಿಸಬೇಡಿ. ಅಂಚಿನಲ್ಲಿ ಕಪ್ಪು ಗೆರೆ ಉಳಿದರೆ ಮುಸುಕಿನ ಚೀಟಿಯಲ್ಲಿ "ಮ್ಯಾಟ್" ಇದೆಯೇ ನೋಡಿ. ಇದ್ದರೆ ಬಣ್ಣವನ್ನು ಹಿನ್ನೆಲೆಯೊಂದಿಗೆ ಮೊದಲೇ ಬೆರೆಸಿಟ್ಟಿದ್ದಾರೆ ಎಂದರ್ಥ, ಬರಿಯ ಕೂಡಿಕೆಯಿಂದ ಅದು ಹೋಗದು. ಹೊಸ ಮ್ಯುಟೂಲ್ ಎಕ್ಸ್‌ಟ್ರಾಕ್ಟ್‌ನಲ್ಲಿ "-ಎ" ಕೊಟ್ಟರೆ ಅದೇ ಮುಸುಕು ಸೇರಿಸಿಕೊಡುತ್ತದೆ.

ಆ 148 ಚಿಹ್ನೆಗಳ ವಿಷಯ: ಪಿಡಿಎಫ್‌ಇಮೇಜಸ್ ಪುಟಪುಟಕ್ಕೂ ಹೋಗಿ ಎಣಿಸುತ್ತದೆ. ಆಬ್ಜೆಕ್ಟ್ ಸಂಖ್ಯೆ ಒಂದೇ ಆಗಿದ್ದರೆ ಅದು ಒಂದೇ ಚಿತ್ರ. ಮ್ಯುಟೂಲ್ ಎಕ್ಸ್‌ಟ್ರಾಕ್ಟ್ ಆಬ್ಜೆಕ್ಟ್ ಲೆಕ್ಕದಲ್ಲಿ ತೆಗೆಯುವುದರಿಂದ ಒಂದೇ ಸಲ ಕೊಡುತ್ತದೆ. ಆದರೆ ಪುಟದ ಬರಹದೊಳಗೇ ಹುದುಗಿಸಿದ ಇನ್‌ಲೈನ್ ಚಿತ್ರಗಳು ಅದರ ಕಣ್ಣಿಗೆ ಬೀಳುವುದಿಲ್ಲ, ಫಾಂಟ್‌ಗಳನ್ನೂ ಜೊತೆಗೆ ಸುರಿಯುತ್ತದೆ.

—

ಕಮಾಂಡ್‌ಕಟ್ಟೆ:

ಉಳಿದ ಮೂರು.

ಭೂಪಟದ 18 ಪಟ್ಟಿ: ಪ್ರಿಂಟರ್ ಡ್ರೈವರ್ ಮೂಲಕ ಮಾಡಿದ ಪಿಡಿಎಫ್‌ಗಳಲ್ಲೂ ಪಾರದರ್ಶಕತೆಯನ್ನು ಚಪ್ಪಟೆ ಮಾಡಿದವುಗಳಲ್ಲೂ ಇದು ಮಾಮೂಲು. ಪಿಡಿಎಫ್ 1.3ರಲ್ಲಿ ಪಾರದರ್ಶಕತೆಯೇ ಇರಲಿಲ್ಲ, 1.4ರಲ್ಲಿ ಬಂತು; ಹಳೆಯ ರೂಪ ಕೇಳುವ ಅಚ್ಚಿಗಾಗಿ ಚಿತ್ರವನ್ನು ತುಂಡು ಮಾಡಿ ಕೂರಿಸುತ್ತಾರೆ. "-ಲಿಸ್ಟ್" ಕೊಟ್ಟ ಪಟ್ಟಿಯಲ್ಲಿ 18 ತುಂಡಿಗೂ ಅಗಲ ಒಂದೇ ಇದ್ದರೆ ನೇರ ಜೋಡಿಸಬಹುದು:

ಮ್ಯಾಜಿಕ್ ಚಿತ್ರ-040-*.ಪಿಎನ್‌ಜಿ -ಅಪೆಂಡ್ ಭೂಪಟ.ಪಿಎನ್‌ಜಿ

"-ಅಪೆಂಡ್" ಮೇಲಿನಿಂದ ಕೆಳಕ್ಕೆ, "+ಅಪೆಂಡ್" ಎಡದಿಂದ ಬಲಕ್ಕೆ. ಪಿಡಿಎಫ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಬರೆದಿದ್ದರೆ ತುಂಡುಗಳು ತಲೆಕೆಳಗಾದ ಕ್ರಮದಲ್ಲಿ ಕೂಡುತ್ತವೆ. ಆಗ "-ರಿವರ್ಸ್" ಅನ್ನು "-ಅಪೆಂಡ್"ಗೆ ಮೊದಲು ಸೇರಿಸಿ. ಜೋಡಿಸಿದ ಮೇಲೆ ಕೀಲುಗಳನ್ನು 400%ರಲ್ಲಿ ನೋಡಿ: ಕೆಲವು ಪ್ರೋಗ್ರಾಂಗಳು ಒಂದು ಸಾಲು ಪಿಕ್ಸೆಲ್ ಎರಡು ಪಟ್ಟಿಯಲ್ಲೂ ಇಟ್ಟಿರುತ್ತವೆ, ಅಲ್ಲಿ ಗೆರೆಗಳು ಮೆಟ್ಟಿಲಿನಂತೆ ಮುರಿಯುತ್ತವೆ. ತುಂಡುಗಳು ಜೆಪೆಗ್ ಆಗಿದ್ದರೂ ಜೋಡಿಸಿದ್ದನ್ನು ಪಿಎನ್‌ಜಿ ಅಥವಾ ಟಿಫ್‌ನಲ್ಲೇ ಉಳಿಸಿ. ಭೂಪಟದ ಮೇಲಿನ ಊರ ಹೆಸರುಗಳು ಪಟ್ಟಿಗಳಲ್ಲಿ ಕಾಣದಿದ್ದರೆ ಅವು ಬೇರೆ ಅಕ್ಷರಗಳಾಗಿ ಮೇಲೆ ಕೂತಿವೆ. ಆಗ ಜೋಡಿಸುವ ಗೋಜು ಬಿಟ್ಟು ಪುಟವನ್ನೇ ಬಿಡಿಸುವುದು ಮೇಲು.

ಗ್ರಾಫ್‌ಗಳು: ಅವು ಚಿತ್ರಗಳೇ ಅಲ್ಲ, ಗೆರೆ ಬಣ್ಣಗಳ ಆದೇಶಗಳು. ಅದಕ್ಕೇ ಪಟ್ಟಿಯಲ್ಲಿಲ್ಲ. ಇದು ಒಳ್ಳೆಯ ಸುದ್ದಿ, ಎಷ್ಟು ದೊಡ್ಡದು ಮಾಡಿದರೂ ಒಡೆಯವು. ಒಂದು ಪುಟ ತೆಗೆಯಲು:

ಪಿಡಿಎಫ್‌ಟುಕೈರೊ -ಎಸ್‌ವಿಜಿ -ಎಫ್ 22 -ಎಲ್ 22 ವರದಿ.ಪಿಡಿಎಫ್ ಗ್ರಾಫ್.ಎಸ್‌ವಿಜಿ

(ಕಮಾಂಡ್ ಹೆಸರಿನಲ್ಲಿ "ಟು" ಎಂಬುದು ಟಿ, ಓ. ಅಂಕಿ ಅಲ್ಲ.) ಆಮೇಲೆ ಗೆರೆಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ತೆರೆದು, ಗುಂಪು ಬಿಡಿಸಿ, ಗ್ರಾಫ್ ಬಿಟ್ಟು ಉಳಿದದ್ದನ್ನು ಅಳಿಸಿ, ಪುಟವನ್ನು ಆಯ್ಕೆಯ ಅಳತೆಗೆ ತಂದು ಉಳಿಸಿ. ಅಕ್ಷರಗಳು ಆಕಾರಗಳಾಗಿ ಬಂದಿರುತ್ತವೆ; ನೋಡಲು ತೊಂದರೆಯಿಲ್ಲ, ಆದರೆ ಅಂಕಿ ತಿದ್ದಲು ಆಗದು. ತಿದ್ದಬೇಕಿದ್ದರೆ ಪಿಡಿಎಫ್ ಅನ್ನೇ ನೇರ ಇಂಕ್‌ಸ್ಕೇಪ್‌ನಲ್ಲಿ ತೆರೆಯಿರಿ. ಕೈರೊದ ಎಸ್‌ವಿಜಿ ಆರ್‌ಜಿಬಿ ಎಂಬುದು ನೆನಪಿರಲಿ. ಸಿಎಂವೈಕೆ ಉಳಿಯಲೇಬೇಕು ಎಂದರೆ ಗ್ರಾಫ್ ಇರುವ ಪಿಡಿಎಫ್ ಪುಟವನ್ನೇ ಪೇಜ್‌ಮೇಕಪ್ ಪ್ರೋಗ್ರಾಂನಲ್ಲಿ ಕೂರಿಸಿ ಚೌಕಟ್ಟಿನಿಂದ ಕತ್ತರಿಸುವುದು ಎಲ್ಲಕ್ಕಿಂತ ಸುಲಭ.

ಸ್ಕ್ಯಾನ್ ಪುಟಗಳು: ಬಿಳಿಅಂಚು ಅವರ ಸಲಹೆ ಸಲ್ಲುವುದು ಇಲ್ಲಿ. ಫೈಲ್ ಚಿಕ್ಕದಾಗಲೆಂದು ಪುಟವನ್ನು ಪದರಗಳಾಗಿ ಸೀಳಿಟ್ಟಿದ್ದಾರೆ: ಹಾಳೆಯ ಬಣ್ಣ ಕಡಿಮೆ ರೆಸೊಲ್ಯೂಷನ್ ಜೆಪೆಗ್‌ನಲ್ಲಿ, ಅಕ್ಷರಗಳು ಹೆಚ್ಚಿನ ರೆಸೊಲ್ಯೂಷನ್‌ನ ಒಂದು ಬಿಟ್ ಜೆಬಿಗ್2ನಲ್ಲಿ. ಎ4ಗೆ ಹಿನ್ನೆಲೆ 827 × 1169, ಅಕ್ಷರ 2480 × 3508 ಇದ್ದರೆ 100 ಮತ್ತು 300 ಪಿಪಿಐ ಎಂದಾಯಿತು. ಬಿಡಿ ಪದರ ಯಾವುದೂ "ಪುಟದ ಚಿತ್ರ" ಅಲ್ಲ. ಎರಡರಲ್ಲಿ ಹೆಚ್ಚಿನ ಪಿಪಿಐ ಹಿಡಿದು ಪುಟ ಬಿಡಿಸಿ:

ಪಿಡಿಎಫ್‌ಟುಪಿಪಿಎಂ -ಆರ್ 300 -ಪಿಎನ್‌ಜಿ -ಎಫ್ 129 -ಎಲ್ 148 ವರದಿ.ಪಿಡಿಎಫ್ ಹೊರಗೆ/ಸ್ಕ್ಯಾನ್

"-ಆರ್" ಮರೆತರೆ 150ಕ್ಕೆ ಬಿಡಿಸುತ್ತದೆ, ಅಕ್ಷರ ಅರ್ಧಕ್ಕರ್ಧ ಹೋಗುತ್ತದೆ. 600 ಕೊಟ್ಟರೆ ಫೈಲ್ ಉಬ್ಬುತ್ತದೆ ಅಷ್ಟೇ.

ಅಕ್ಷರದ ಪದರ ಮಾತ್ರ ಬೇಕಿದ್ದರೆ "-ಆಲ್" ಬದಲು "-ಪಿಎನ್‌ಜಿ" ಕೊಡಿ. ಒಂದು ಬಿಟ್ ಚಿತ್ರಕ್ಕೆ ಪಿಎನ್‌ಜಿಯಲ್ಲಿ ಏನೂ ಕಳೆಯದು. ಜೆಬಿ2ಇ ಎಂಬುದು ತಲೆಭಾಗವಿಲ್ಲದ ಜೆಬಿಗ್2 ತುಣುಕು, ಪಕ್ಕದಲ್ಲಿ ಜೆಬಿ2ಜಿ ಎಂಬ ಜೊತೆಫೈಲ್ ಕೂಡ ಬಂದಿರಬಹುದು. ಜೆಬಿಗ್2ಡೆಕ್ ಬಿಟ್ಟರೆ ಅದನ್ನು ತೆರೆಯುವವರು ಕಡಿಮೆ. ಕಪ್ಪು ಬಿಳುಪು ಅದಲು ಬದಲಾಗಿ ಬಂದರೆ ಗಾಬರಿ ಬೇಡ, ಮುಸುಕಾಗಿ ಬಳಸಿದ ಚಿತ್ರದಲ್ಲಿ 1 ಮತ್ತು 0ರ ಅರ್ಥ ಬೇರೆ. ಇಮೇಜ್‌ಮ್ಯಾಜಿಕ್‌ನಲ್ಲಿ "-ನೆಗೇಟ್" ಮಾಡಿ.

ಹಳೆಯ ದಾಖಲೆ ಎಂದಿರಿ. ಹಾಗಾದರೆ ಅಂಕಿಗಳನ್ನು ಮೂಲ ಕಾಗದದೊಂದಿಗೆ ಹೋಲಿಸಿ. ನಷ್ಟಸಹಿತ ಜೆಬಿಗ್2ನಲ್ಲಿ ಒಂದೇ ತೆರನಾಗಿ ಕಾಣುವ ಅಕ್ಷರಗಳಿಗೆಲ್ಲ ಒಂದೇ ಅಚ್ಚು ಬಳಸುವ ಉಪಾಯವಿದೆ. ಅದು ತಪ್ಪಿದರೆ 6 ಇದ್ದಲ್ಲಿ 8 ಕೂರುತ್ತದೆ, ಅದೂ ಮಸುಕಿಲ್ಲದೆ ನೀಟಾಗಿ. 2013ರಲ್ಲಿ ಇದು ಬಯಲಾದಾಗ ದೊಡ್ಡ ಸುದ್ದಿಯಾಗಿತ್ತು. ಆ ತಪ್ಪು ಪಿಡಿಎಫ್‌ನಲ್ಲೇ ಕೂತಿದ್ದರೆ ಯಾವ ಉಪಕರಣವೂ ಸರಿಪಡಿಸದು.

—

ಹಾಳೆಮಗ್ಗ:

ಟಿಫ್ ಸರಿಯಾಯಿತು, ಲೋಗೊ ಸರಿಯಾಯಿತು, ಭೂಪಟಕ್ಕೆ ರಿವರ್ಸ್ ಬೇಕಾಯಿತು. ಇನ್ನು ಎರಡು ಸಣ್ಣ ಸಂಗತಿ. 61ನೇ ಪುಟದ ಫೋಟೊ ಪಿಡಿಎಫ್‌ನಲ್ಲಿ ನೆಟ್ಟಗಿದೆ, ಹೊರಗೆ ಬಂದದ್ದು ಅಡ್ಡ ಮಲಗಿದೆ. 75ನೇ ಪುಟದ್ದು ಪುಟದಲ್ಲಿ ಕಾಣುವುದಕ್ಕಿಂತ ದೊಡ್ಡದು, ಪಕ್ಕದಲ್ಲಿ ನಿಂತ ಇನ್ನಿಬ್ಬರು ಕಾಣುತ್ತಿದ್ದಾರೆ!

—

ನಾಲ್ಬಣ್ಣ:

75: ಅದು ಕತ್ತರಿಸಿದ್ದಲ್ಲ, ಮುಚ್ಚಿದ್ದು. ಪುಟ ಮಾಡುವವರು ಚೌಕಟ್ಟು ಕಿರಿದು ಮಾಡಿದರೂ ಪಿಕ್ಸೆಲ್‌ಗಳು ಹಿಂದೆಯೇ ಇರುತ್ತವೆ. ಪಿಡಿಎಫ್ ಮಾಡುವಾಗ "ಚಿತ್ರವನ್ನು ಚೌಕಟ್ಟಿಗೆ ಕತ್ತರಿಸು" ಎಂಬ ಆಯ್ಕೆ ಹಾಕಿಲ್ಲದಿದ್ದರೆ ಪೂರ್ತಿ ಚಿತ್ರವೇ ಒಳಗೆ ಹೋಗುತ್ತದೆ. ಆ ಇಬ್ಬರನ್ನು ಬೇಕೆಂದೇ ಬಿಟ್ಟಿರಬಹುದು, ನಿಮ್ಮ ಒಪ್ಪಿಗೆ ಆ ಭಾಗಕ್ಕೂ ಇದೆಯೇ ಕೇಳಿಕೊಳ್ಳಿ. ಹೊಸ ಆವೃತ್ತಿಯ ಪಿಡಿಎಫ್ ಕಳಿಸುವ ಮೊದಲು ಅದರ ಮೇಲೂ ಒಮ್ಮೆ ಪಿಡಿಎಫ್‌ಇಮೇಜಸ್ ಓಡಿಸಿ ನೋಡಿ.

61: ಪಿಡಿಎಫ್ ಚಿತ್ರವನ್ನು ಕೂರಿಸುವಾಗ ತಿರುಗಿಸಬಲ್ಲದು, ಮಗುಚಬಲ್ಲದು; ಕಿತ್ತಾಗ ಬರುವುದು ಸಂಗ್ರಹದಲ್ಲಿದ್ದ ದಿಕ್ಕು. ಇದರ ತದ್ವಿರುದ್ಧವೂ ಉಂಟು: ಜೆಪೆಗ್‌ನೊಳಗೆ ಕ್ಯಾಮೆರಾ ಬರೆದ ಎಕ್ಸಿಫ್ ದಿಕ್ಕು ಉಳಿದಿದ್ದರೆ ಪಿಡಿಎಫ್ ವೀಕ್ಷಕ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಫೋಟೊ ವೀಕ್ಷಕ ತೆಗೆದುಕೊಂಡು ತಿರುಗಿಸಿಬಿಡುತ್ತದೆ. ಆದ್ದರಿಂದ ಮೊದಲು ಎಕ್ಸಿಫ್‌ಟೂಲ್‌ನಲ್ಲಿ "-ಓರಿಯೆಂಟೇಶನ್" ನೋಡಿ. ಇದ್ದರೆ ಅದನ್ನು ಅಳಿಸಿದರೆ ಸಾಕು. ಇಲ್ಲದಿದ್ದರೆ:

ಜೆಪೆಗ್‌ಟ್ರಾನ್ -ಕಾಪಿ ಆಲ್ -ಪರ್ಫೆಕ್ಟ್ -ರೊಟೇಟ್ 90 -ಔಟ್‌ಫೈಲ್ ನೆಟ್ಟಗೆ.ಜೆಪಿಜಿ ಅಡ್ಡ.ಜೆಪಿಜಿ

ಇದು ಜೆಪೆಗ್‌ನ ಚೌಕಗಳನ್ನೇ ಎತ್ತಿ ತಿರುಗಿಸುವುದರಿಂದ ಮತ್ತೆ ಕುಗ್ಗಿಸುವ ಮಾತಿಲ್ಲ. 90ಕ್ಕೆ ತಿರುಗಿಸುವಾಗ ಚಿತ್ರದ ಎತ್ತರ ಚೌಕದ ಅಳತೆಯಿಂದ, ಅಂದರೆ ಬಣ್ಣದ ಹಂಚಿಕೆಗೆ ತಕ್ಕಂತೆ 8ರಿಂದ ಅಥವಾ 16ರಿಂದ, ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ "-ಪರ್ಫೆಕ್ಟ್" ಇರುವುದರಿಂದ ಅದು ಮಾಡಲೊಪ್ಪದೆ ನಿಲ್ಲುತ್ತದೆ. ಅಂಥ ಕಡೆ ಅದರ ಬದಲು "-ಟ್ರಿಮ್" ಕೊಟ್ಟರೆ ಒಂದು ಅಂಚಿನಲ್ಲಿ ಹೆಚ್ಚೆಂದರೆ 15 ಪಿಕ್ಸೆಲ್ ಹೋಗುತ್ತದೆ. ಅದೂ ಬೇಡವೆಂದರೆ ತಿರುಗಿಸಿ ಟಿಫ್‌ನಲ್ಲಿ ಉಳಿಸಿ.